ನೂರಿಪ್ಪತ್ತು, ಎಂಬತ್ತು

ಪುಷ್ಯದ ಚಳಿ. ಹಾಸನ ಇನ್ನೂ ಮಂಜಿನೊಳಗೇ ಇದೆ.
ಎರಡನೇ ಮಹಡಿಯ ಪ್ರಯೋಗಾಲಯದಲ್ಲಿ
ಅಂಗಿಯ ತೋಳು ಮಡಚಿ, ಸ್ಟೂಲಿನ ಮೇಲೆ
ಜವರಯ್ಯ ಕೂತಾಗಿದೆ.
ಹದಿನಾರು ವರ್ಷದಿಂದ ಇದೇ ಸ್ಟೂಲು, ಇದೇ ತೋಳು.
ಗಾಜು ತೊಳೆಯುವುದು, ಕಪ್ಪೆಯ ಕಾಲದ ಡ್ರಮ್ಮಿನ ಧೂಳು ಹೊಡೆಯುವುದು
ಅವನ ನೌಕರಿ.
ತೋಳು ಕೊಡಬೇಕೆಂದು ಯಾವ ಆದೇಶದಲ್ಲೂ ಬರೆದಿಲ್ಲ.

ಮಾದರಿ ದಾಖಲೆ ನಾನೇ ಬರೆದು ತೂಗುಹಾಕಿದ್ದು:
ಹೆಸರು ಜವರಯ್ಯ. ವಯಸ್ಸು ಮೂವತ್ತೆಂಟು.
ರಕ್ತದೊತ್ತಡ ನೂರಿಪ್ಪತ್ತು, ಎಂಬತ್ತು.
ಅದನ್ನು ನೋಡಿ ಒಂದು ಬ್ಯಾಚು ಬರೆಯಿತು,
ಆ ಬ್ಯಾಚನ್ನು ನೋಡಿ ಇನ್ನೊಂದು.
ಕಾಗದದಲ್ಲಿ ಜವರಯ್ಯನಿಗೆ ವಯಸ್ಸೇ ಆಗಲಿಲ್ಲ.

ನೆಂಟರು ಕೇಳುತ್ತಾರೆ: ಬರೀ ಪಾಠಾನಾ ಡಾಕ್ಟ್ರೇ?
ಪೇಷಂಟ್ ನೋಡಲ್ವಾ?
ನಾನು ನಗುತ್ತ ಹೇಳುವ ಉತ್ತರವೊಂದಿದೆ:
ಕಾಯಿಲೆ ಬೀಳುವ ಮುಂಚಿನ ಮನುಷ್ಯ ನಮ್ಮ ವಿಭಾಗದವನು,
ಬಿದ್ದ ಮೇಲೆ ಎದುರು ಕಟ್ಟಡದವನು.
ಮಾತು ಚೆನ್ನಾಗಿದೆ ಅಂತ ನನಗೇ ಅನ್ನಿಸಿ
ಎಷ್ಟೋ ಮದುವೆ ಮನೆಗಳಲ್ಲಿ ಹೇಳಿದ್ದೇನೆ.

ಹುಡುಗರು ಸಾಲಾಗಿ ಬಂದರು. ಕಫ್ ಸುತ್ತಿದರು,
ಬಲ್ಬು ಒತ್ತಿದರು. ಪಾದರಸ ಏರಿತು, ಇಳಿಯಿತು.
ಅವರ ಕಣ್ಣು ಪಾದರಸಕ್ಕಿಂತ ಮೊದಲೇ
ನೂರಿಪ್ಪತ್ತರ ಗೆರೆಯ ಮೇಲೆ ಹೋಗಿ ಕಾಯುತ್ತಿತ್ತು.

ಸಿಂಚನ, ಅರಕಲಗೂಡಿನವಳು,
ಹತ್ತರ ತನಕ ಕನ್ನಡದಲ್ಲೇ ಓದಿದವಳು,
ಉತ್ತರ ಗೊತ್ತಿದ್ದರೂ ಕೈ ಎತ್ತದವಳು.
ಸ್ಟೆತಾಸ್ಕೋಪಿನ ತಣ್ಣನೆ ಬಿಲ್ಲೆಯನ್ನು
ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡಳು.
ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮೇಡಂ, ನೂರಾ ಎಪ್ಪತ್ತೆರಡಕ್ಕೇ ಸದ್ದು ಬರ್ತಿದೆ.
ಕಫ್ ಸಡಿಲ ಕಟ್ಟಿದೀಯ, ಇನ್ನೊಂದ್ಸಲ ನೋಡು.
ನೋಡಿದಳು. ಅದೇ.
ಪುಸ್ತಕದಲ್ಲಿ ಎಷ್ಟಿರಬೇಕು ಅಂತಿದೆ?
ಹಿಂದೆ ಯಾರೋ ಕಿಸಕ್ಕೆಂದರು.
ಅವಳ ಕಿವಿ ಕೆಂಪಾಯಿತು. ರಬ್ಬರು ಪಕ್ಕದಲ್ಲೇ ಇತ್ತು.
ಬರೆದದ್ದನ್ನು ಅಳಿಸಲಿಲ್ಲ.

ಅವಳ ಸ್ಟೆತಾಸ್ಕೋಪನ್ನೇ ಇಸಿದುಕೊಂಡೆ.
ಎಷ್ಟು ವರ್ಷವಾಗಿತ್ತೋ,
ಬೋರ್ಡಿನ ಮೇಲೆ ಐದು ಹಂತವಾಗಿ ಬಿಡಿಸುವ ಆ ಸದ್ದನ್ನು
ಒಬ್ಬರ ತೋಳಿನೊಳಗಿಂದ ಕೇಳಿ.
ಮೊದಲು ಏನೂ ಇಲ್ಲ. ಆಮೇಲೆ, ತುಂಬ ಮೇಲೆ,
ಚಿಲಕ ಹಾಕಿದ ಬಾಗಿಲನ್ನು ಯಾರೋ ಒಳಗಿನಿಂದ
ತಟ್ಟಿದಂತೆ. ತಟ್ಟುತ್ತಲೇ ಇದ್ದಂತೆ.
ನೂರಾ ನಾಲ್ಕಕ್ಕೆ ನಿಂತಿತು.

ಜವರಯ್ಯ, ನಿಮಗೆ ವಯಸ್ಸೆಷ್ಟು?
ಬರೋ ಯುಗಾದಿಗೆ ಐವತ್ತೈದು ಮೇಡಂ.
ತಲೆನೋವು ಬರುತ್ತಾ?
ಬೆಳಗಿನ ಜಾವ ಒಸಿ ಬತ್ತದೆ. ಏನಾಗಲ್ಲ ಬುಡಿ.
ವಾರಕ್ಕೆರಡು ದಿನ ಇಷ್ಟೊಂದು ಡಾಕ್ಟ್ರು ನೋಡ್ತಾರಲ್ಲ,
ಎಲ್ಲಾರೂ ನಾರ್ಮಲ್ ಅಂತಾನೇ ಬರ್ಕೊಂಡ್ರಲ್ಲ.

ಅವನು ಕೊಂಕಿನಿಂದ ಹೇಳಿರಲಿಲ್ಲ.

ಅಂಗಳ ದಾಟಿ ಎದುರು ಕಟ್ಟಡಕ್ಕೆ ಹೋದೆವು.
ಹೊರರೋಗಿಗಳ ಸಾಲು ಗೇಟಿನ ತನಕ,
ಆಲೂಗಡ್ಡೆ ಮಂಡಿಯ ಹಮಾಲಿ, ಸೊಂಟ ಹಿಡಿದ ಮುದುಕಿ,
ಮಗು ಹೊತ್ತ ಒಬ್ಬ ಹುಡುಗ.
ನಾನು ಏಪ್ರನ್ನಿನ ಬಲದಿಂದ ನುಗ್ಗಲು ನೋಡಿದೆ,
ಬ್ಯಾಡ ಮೇಡಂ, ಎಂದು ಅವನು ಸಾಲಿನ ಕೊನೆಗೆ ಹೋಗಿ ನಿಂತ.
ನಿಂತಲ್ಲಿಂದಲೇ ಕೇಳಿದ:
ನಾಳೆ ಬಿ ಬ್ಯಾಚು ಐತೆ. ಯಾರ ತೋಳು ಕೊಡ್ತೀರಾ?

ರಾತ್ರಿ ಮಾದರಿ ದಾಖಲೆಯನ್ನು ಮೊಳೆಯಿಂದ ಬಿಡಿಸಿದೆ.
ಗೋಡೆಯ ಮೇಲೆ ಅದರಷ್ಟೇ ಅಗಲದ
ಬಣ್ಣ ಮಾಸದ ಚೌಕ ಉಳಿಯಿತು.

ಮರುದಿನ ರವಿಕೆಯ ತೋಳು ಸರಿಸಿ
ಸ್ಟೂಲಿನ ಮೇಲೆ ನಾನೇ ಕೂತೆ.
ಮೊದಲ ಹುಡುಗ ಕಫ್ ಕಟ್ಟಿದ, ಒತ್ತಿದ, ಬಿಟ್ಟ,
ಅಚ್ಚುಕಟ್ಟಾಗಿ ಬರೆದ: ನೂರಿಪ್ಪತ್ತು, ಎಂಬತ್ತು.
ಕೇಳಿಸಿತಾ? ಎಂದೆ.
ನನ್ನ ಮುಖ ನೋಡಿದ. ಗೋಡೆಯ ಖಾಲಿ ಚೌಕ ನೋಡಿದ.
ಇಲ್ಲ ಮೇಡಂ, ಎಂದ.

ಸರಿ, ಎಂದೆ, ಅದನ್ನೇ ಬರಿ.